ಚಿಲಕದ ಆಯಸ್ಸು

2020ರ ಗಣರಾಜ್ಯೋತ್ಸವದಂದು ಉತ್ತರ ಪ್ರದೇಶದ ಪೊಲೀಸರು ‘ತ್ರೀ ನಾಟ್ ತ್ರೀ’ಗೆ ವಿದಾಯ ಹೇಳಿದರು. ಮತಗಟ್ಟೆಯ ಬಾಗಿಲಲ್ಲಿ, ಖಜಾನೆಯ ಮೆಟ್ಟಿಲ ಮೇಲೆ, ಕಾನ್‌ಸ್ಟೇಬಲ್ ಹೆಗಲಿಗೆ ತೂಗುಬಿದ್ದ ಆ ಮರದ ಮೈಯ ರೈಫಲ್ಲನ್ನು ದೇಶದ ಮೂರು ತಲೆಮಾರು ನೋಡಿದೆ. ಲೀ-ಎನ್‌ಫೀಲ್ಡ್ ಅದರ ದಾಖಲೆಯ ಹೆಸರು; ಮೂಲ ವಿನ್ಯಾಸ 1895ರದು. ಇಂಥ ಹಳೆಯ ರೈಫಲ್ಲುಗಳಲ್ಲಿ ಮರ ಸೀಳುತ್ತದೆ, ನಳಿಗೆಯೊಳಗಿನ ಸುರುಳಿಗೀರು ಸವೆದು ಗುರಿ ಅಡ್ಡಾದಿಡ್ಡಿಯಾಗುತ್ತದೆ, ಪಟ್ಟಿ ಹರಿಯುತ್ತದೆ. ಆದರೆ ಬಲಗೈಯಲ್ಲಿ ಹಿಡಿಯೆತ್ತಿ ಹಿಂದಕ್ಕೆಳೆದು, ಮುಂದಕ್ಕೆ ದೂಡಿ ಕೆಳಗೊತ್ತಿದರೆ ‘ಚಟಕ್’ ಎಂದು ಕೂರುವ ಬೋಲ್ಟ್ ಮಾತ್ರ ಸಾಮಾನ್ಯವಾಗಿ ಇನ್ನೂ ಗಟ್ಟಿಯಾಗಿಯೇ ಇರುತ್ತದೆ.

ಇನ್ನೊಂದು ಕಡೆ ಅಮೆರಿಕದ ಸೈನಿಕರ ಎಂ4 ಕಾರ್ಬೈನ್ ಇದೆ. ಅದು ಬಳಕೆಗೆ ಬಂದದ್ದು 1994ರಲ್ಲಿ. ಲೀ-ಎನ್‌ಫೀಲ್ಡಿಗಿಂತ ಒಂದು ಶತಮಾನ ಕಿರಿಯದು, ಉಕ್ಕು ಮೇಲ್ತರದ್ದು, ಕಡೆಯುವ ಯಂತ್ರಗಳು ಹೆಚ್ಚು ನಿಖರ. ಆದರೂ ಸುಮಾರು 10,000 ಗುಂಡು ಹಾರುವ ಹೊತ್ತಿಗೆ ಅದರ ಬೋಲ್ಟನ್ನು ಬದಲಿಸಿಬಿಡುವುದು ಕ್ಷೇಮ ಎಂಬುದು ಆಯುಧ ರಿಪೇರಿಯ ಆರ್ಮರರ್‌ಗಳ ನಡುವೆ ರೂಢಿಯಲ್ಲಿರುವ ಲೆಕ್ಕ. ಬಿಡುವು ಕೊಡದೆ ಮಳೆಗರೆದಂತೆ ಸುಟ್ಟರೆ ಅದಕ್ಕೂ ಬಹಳ ಮೊದಲೇ ಬಿರುಕು ಕಾಣಿಸಿಕೊಳ್ಳುತ್ತದೆ.

ಅಜ್ಜನ ಬೋಲ್ಟ್ ನೂರು ವರ್ಷ ತಾಳಿದರೆ ಮೊಮ್ಮಗನದು ಕೆಲವು ಸಾವಿರ ಗುಂಡಿಗೇ ಏಕೆ ಸುಸ್ತಾಗುತ್ತದೆ? ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಇದಕ್ಕೆ ಉತ್ತರ ಸಿಗದು. ಬೋಲ್ಟಿನ ಮೇಲೆ ಬೀಳುವ ಭಾರ ಎಷ್ಟು, ಆ ಭಾರ ಯಾವ ಹೊತ್ತಿನಲ್ಲಿ ಇಳಿಯುತ್ತದೆ, ಉಕ್ಕಿಗೆ ಹದ ಕೊಟ್ಟ ಕೈ ಎಂಥದು ಎಂಬ ಮೂರು ಪ್ರಶ್ನೆಗಳನ್ನು ಕೇಳಬೇಕಾಗುತ್ತದೆ.

ಬಂಕಿನ ಗಾಳಿ, ಆನೆಯ ತೂಕ

ಬೋಲ್ಟ್ ಎಂದರೆ ಹೆಸರೇ ಹೇಳುವ ಹಾಗೆ ಚಿಲಕ. ಹೆಬ್ಬೆರಳ ಗಾತ್ರದ ಉಕ್ಕಿನ ಕೊಳವೆ. ತೋಟೆಯನ್ನು ಮುಂದಕ್ಕೆ ತಳ್ಳಿ ನಳಿಗೆಯ ಹಿಂತುದಿಯಲ್ಲಿರುವ ಗೂಡಿನೊಳಗೆ ಕೂರಿಸುವುದು ಅದರ ಮೊದಲ ಕೆಲಸ. ಆಮೇಲೆ ಕಾಲು ಸುತ್ತಿನಷ್ಟು ತಿರುಗಿ ಬೀಗ ಹಾಕಿಕೊಳ್ಳುತ್ತದೆ. ಮೈಯಿಂದ ಹೊರಚಾಚಿದ ಗಟ್ಟಿ ಉಬ್ಬುಗಳು ರೈಫಲ್ಲಿನ ಒಡಲಲ್ಲಿ ಕೊರೆದ ಪಡಿಗಳಿಗೆ ಸಿಕ್ಕಿಕೊಳ್ಳುತ್ತವೆ. ಈ ಉಬ್ಬುಗಳಿಗೆ ‘ಲಗ್’ ಎನ್ನುತ್ತಾರೆ. ಬೋಲ್ಟಿನ ಹೊಟ್ಟೆಯೊಳಗಿನ ಸೂಜಿ ತೋಟೆಯ ಹಿಂಬದಿಗೆ ಬಡಿದರೆ ಮದ್ದು ಹೊತ್ತುತ್ತದೆ. ಗುಂಡು ಹೋದ ಮೇಲೆ ಖಾಲಿ ಹಿತ್ತಾಳೆ ಚಿಪ್ಪನ್ನು ಕೊಕ್ಕೆ ಹಾಕಿ ಹೊರಗೆಳೆಯುವುದೂ ಬೋಲ್ಟೇ.

ಮದ್ದು ಹೊತ್ತಿದ ಆ ಕ್ಷಣದಲ್ಲಿ ಏನಾಗುತ್ತದೆ ಎಂಬುದನ್ನು ತಿಳಿಯಲು ಪೆಟ್ರೋಲ್ ಬಂಕಿನ ಗಾಳಿ ಮೀಟರ್ ನೆನೆಸಿಕೊಳ್ಳಬಹುದು. ಕಾರಿನ ಟೈರಿಗೆ ಹುಡುಗ ಹಿಡಿಯುವ ಗಾಳಿ 32 ಪಿಎಸ್‌ಐ ಆಸುಪಾಸು. 7.62 ಮಿ.ಮೀ. ರೈಫಲ್ಲಿನ ಗೂಡಿನಲ್ಲಿ ಏಳುವ ಒತ್ತಡ ಸುಮಾರು 60,000 ಪಿಎಸ್‌ಐ. ಹತ್ತಿರಹತ್ತಿರ ಎರಡು ಸಾವಿರ ಪಟ್ಟು. ತೋಟೆಯ ತಳ ಒಂದು ಸಣ್ಣ ನಾಣ್ಯದಷ್ಟಗಲ. ಆ ಅಗಲಕ್ಕೆ ಈ ಒತ್ತಡವನ್ನು ಗುಣಿಸಿದರೆ ಬೋಲ್ಟನ್ನು ಹಿಂದಕ್ಕೆ ದೂಡುವ ಬಲ ಮೂರು ಟನ್ ದಾಟುತ್ತದೆ. ಬೆಳೆದ ಹೆಣ್ಣಾನೆಯೊಂದರ ತೂಕ ಅಷ್ಟೇ. ಸೆಕೆಂಡಿನ ಸಾವಿರದ ಒಂದೆರಡು ಭಾಗದಷ್ಟು ಹೊತ್ತು ಆ ಆನೆ ಬೆರಳುಗುರಿನ ಗಾತ್ರದ ಎರಡು ಲಗ್ಗುಗಳ ಮೇಲೆ ಕಾಲೂರಿ ಇಳಿದು ಹೋಗುತ್ತದೆ. ಪ್ರತಿ ಈಡಿಗೂ ಇದೇ ಕತೆ.

ಆನೆಯ ಭಾರವೆಲ್ಲ ಲಗ್ಗುಗಳ ಮೇಲೇ ಬೀಳುವುದಿಲ್ಲ. ಹಿತ್ತಾಳೆ ಚಿಪ್ಪು ಒತ್ತಡಕ್ಕೆ ಊದಿಕೊಂಡು ಗೂಡಿನ ಗೋಡೆಯನ್ನು ಕಚ್ಚಿ ಹಿಡಿಯುವುದರಿಂದ ಒಂದಿಷ್ಟು ಭಾರ ಅಲ್ಲಿಯೇ ನಿಲ್ಲುತ್ತದೆ. ಗೂಡಿನಲ್ಲಿ ಎಣ್ಣೆಯೋ ಮಳೆನೀರೋ ಇದ್ದರೆ ಈ ಹಿಡಿತ ಜಾರಿ, ಪೂರ್ತಿ ಹೊಡೆತ ಬೋಲ್ಟಿಗೇ ಬೀಳುತ್ತದೆ. ಬ್ರಿಟಿಷರು ಲೀ-ಎನ್‌ಫೀಲ್ಡನ್ನು ಕಾರ್ಖಾನೆಯಲ್ಲಿ ಪರೀಕ್ಷಿಸುವಾಗ ತೋಟೆಗೆ ಬೇಕೆಂದೇ ಎಣ್ಣೆ ಸವರಿ ಒಂದು ಈಡು ಹಾರಿಸುತ್ತಿದ್ದುದು ಇದಕ್ಕಾಗಿಯೇ. ತುಕ್ಕು ಹಿಡಿಯದಿರಲಿ ಎಂದು ತೋಟೆಗೇ ಎಣ್ಣೆ ಬಳಿಯುವವರು ಗೊತ್ತಿಲ್ಲದೆ ಬೋಲ್ಟಿನ ಆಯಸ್ಸನ್ನು ಕಡಿಮೆ ಮಾಡುತ್ತಿರುತ್ತಾರೆ.

ಸವೆತ ಬೇರೆ, ದಣಿವು ಬೇರೆ

ಬೋಲ್ಟ್ ಹಾಳಾಗುವುದು ಎರಡು ದಾರಿಯಲ್ಲಿ. ಒಂದು ಸವೆತ. ಲಗ್ಗು ಪಡಿಗೆ ಉಜ್ಜಿ ಉಜ್ಜಿ, ಭಾರಕ್ಕೆ ತಗ್ಗಿ ತಗ್ಗಿ ಕೂದಲೆಳೆಯಷ್ಟು ಹಿಂದೆ ಸರಿಯುತ್ತದೆ. ಆಗ ಗೂಡಿನಲ್ಲಿ ಕೂತ ತೋಟೆಗೆ ಅಲುಗಾಡಲು ಜಾಗ ಸಿಗುತ್ತದೆ. ಈ ಸಡಿಲಕ್ಕೆ ಹೆಡ್‌ಸ್ಪೇಸ್ ಎಂದು ಹೆಸರು. ಅದು ಹೆಚ್ಚಾದರೆ ಈಡು ಹಾರಿದಾಗ ಹಿತ್ತಾಳೆ ಚಿಪ್ಪು ಹಿಗ್ಗಿ ಬುಡದ ಬಳಿ ಕತ್ತರಿಸಿಕೊಳ್ಳುತ್ತದೆ. ಬಿಸಿ ಗಾಳಿ ಗುರಿಕಾರನ ಮುಖದ ಕಡೆಗೇ ನುಗ್ಗುವ ಅಪಾಯವಿದೆ.

ಈ ಸಡಿಲ ಅಳೆಯುವ ಗೇಜುಗಳು ತೋಟೆಯ ಆಕಾರದ ಉಕ್ಕಿನ ತುಂಡುಗಳು. .308 ತೋಟೆಗೆ ‘ಗೋ’ ಗೇಜಿನ ಅಳತೆ 1.630 ಇಂಚು, ‘ನೋ-ಗೋ’ 1.634, ‘ಫೀಲ್ಡ್’ 1.638. ಮೊದಲನೆಯದರ ಮೇಲೆ ಬೋಲ್ಟ್ ಮುಚ್ಚಲೇಬೇಕು, ಕೊನೆಯದರ ಮೇಲೆ ಮುಚ್ಚಲೇಬಾರದು. ಒಂದರಿಂದ ಇನ್ನೊಂದಕ್ಕೆ ಇರುವ ವ್ಯತ್ಯಾಸ 0.1 ಮಿ.ಮೀ., ಅಂದರೆ ಶಾಲೆಯ ನೋಟ್‌ಬುಕ್ಕಿನ ಒಂದು ಹಾಳೆಯ ದಪ್ಪ. ಎರಡು ಹಾಳೆಯಷ್ಟು ಸವೆದರೆ ರೈಫಲ್ಲಿಗೆ ನಿವೃತ್ತಿ.

ಸವೆತ ಕಣ್ಣಿಗೆ ಕಾಣುತ್ತದೆ, ಅಳತೆಗೆ ಸಿಗುತ್ತದೆ. ಎರಡನೆಯ ದಾರಿ ಕಳ್ಳದಾರಿ. ಅದು ಲೋಹದ ದಣಿವು. ಸೆಂಟ್ರಿಂಗ್ ಕೆಲಸದವರು ಕಟ್ಟುವ ತಂತಿಯನ್ನು ಇಕ್ಕಳವಿಲ್ಲದೆ ತುಂಡು ಮಾಡುವುದು ಹೇಗೆ? ಒಂದೇ ಜಾಗದಲ್ಲಿ ಆಚೆ ಈಚೆ ಬಗ್ಗಿಸುತ್ತಾರೆ, ಐದಾರು ಸಲಕ್ಕೆ ತಂತಿ ಪಟ್ಟೆಂದು ತುಂಡಾಗುತ್ತದೆ. ಎಳೆದರೆ ಜಗ್ಗದ ತಂತಿ ಬಗ್ಗಿಸುವುದಕ್ಕೆ ಸೋಲುತ್ತದೆ.

ಇದರ ಗುಟ್ಟು ಬಯಲಾದದ್ದು ರೈಲ್ವೆಯಿಂದ. 1842ರಲ್ಲಿ ಪ್ಯಾರಿಸ್ ಸಮೀಪದ ವರ್ಸೇಲ್ಸ್ ಮಾರ್ಗದಲ್ಲಿ ಎಂಜಿನಿನ ಅಚ್ಚು ಮುರಿದು ರೈಲು ಉರುಳಿ, ಬೆಂಕಿ ಹತ್ತಿ 50ಕ್ಕೂ ಹೆಚ್ಚು ಮಂದಿ ಸತ್ತರು. ಗಟ್ಟಿಮುಟ್ಟಾಗಿ ಕಾಣುತ್ತಿದ್ದ ಅಚ್ಚು ದಿಢೀರನೆ ಏಕೆ ಮುರಿಯಿತು? ಮುಂದೆ ಜರ್ಮನಿಯ ರೈಲ್ವೆ ಎಂಜಿನಿಯರ್ ಆಗಸ್ಟ್ ವೋಲರ್ ಇದೇ ಪ್ರಶ್ನೆಯ ಬೆನ್ನು ಹತ್ತಿ 1870ರವರೆಗೂ ಅಚ್ಚುಗಳನ್ನು ತಿರುಗಿಸಿ, ಬಗ್ಗಿಸಿ, ಮುರಿದು ನೋಡಿದರು. ಅವರು ಕಂಡದ್ದು ಇಷ್ಟು: ಒಂದೇ ಸಲಕ್ಕೆ ಮುರಿಯಲು ಬೇಕಾದ ಭಾರಕ್ಕಿಂತ ಬಹಳ ಕಡಿಮೆ ಭಾರವೂ ಸಾವಿರಾರು ಸಲ ಬಿದ್ದರೆ ಉಕ್ಕನ್ನು ಮುರಿಯುತ್ತದೆ. ಆದರೆ ಭಾರ ಒಂದು ಮಿತಿಯ ಕೆಳಗಿದ್ದರೆ ಎಷ್ಟು ಸಲ ಬಿದ್ದರೂ ಉಕ್ಕು ದಣಿಯುವುದಿಲ್ಲ. ಸಾಮಾನ್ಯ ಉಕ್ಕಿಗೆ ಈ ಮಿತಿ ಅದರ ಒಟ್ಟು ತಾಳಿಕೆಯ ಅರ್ಧದಷ್ಟು.

ಅಜ್ಜ-ಮೊಮ್ಮಗನ ಒಗಟು ಬಿಡಿಸುವ ಕೀಲಿಕೈ ಇಲ್ಲಿದೆ. ಹಳೆಯ ಕೈಚಾಲಿತ ಬೋಲ್ಟುಗಳು ಈ ಮಿತಿಯ ಕೆಳಗೆ ಬದುಕುತ್ತವೆ. ಹೊಸ ಸ್ವಯಂಚಾಲಿತ ಬೋಲ್ಟುಗಳು ಮಿತಿಯ ಮೇಲೆ.

ಮೌಸರ್‌ನ ಮೂರನೆಯ ಲಗ್ಗು

ಜರ್ಮನಿಯ ಪೌಲ್ ಮೌಸರ್ 1898ರಲ್ಲಿ ರೂಪಿಸಿದ ಬೋಲ್ಟ್ ಇವತ್ತಿಗೂ ಬೇಟೆ ರೈಫಲ್ಲುಗಳ ಮೂಲಪುರುಷ. ಮುಂದೆ ಎರಡು ದಪ್ಪ ಲಗ್ಗುಗಳು ಭಾರ ಹೊರುತ್ತವೆ. ಹಿಂದೆ ಮೂರನೆಯದೊಂದಿದೆ, ಅದಕ್ಕೆ ದಿನನಿತ್ಯದ ಕೆಲಸವಿಲ್ಲ. ಮುಂದಿನವು ಮುರಿದರೆ ಬೋಲ್ಟ್ ಕಣ್ಣಿಗೆ ಬಡಿಯದಂತೆ ತಡೆಯಲೆಂದೇ ಇಟ್ಟ ಆಪದ್ಬಾಂಧವ. ಗಾಳಿ ಸೋರಿದರೆ ಪಕ್ಕಕ್ಕೆ ಹೋಗಲೆಂದು ಬೋಲ್ಟಿನ ಮೈಯಲ್ಲಿ ತೂತುಗಳೂ ಇವೆ. ಇಷ್ಟೆಲ್ಲ ಮುಂಜಾಗ್ರತೆ ಯೋಚಿಸಿದ ಮೌಸರ್ 1901ರಲ್ಲಿ ತಮ್ಮದೇ ಇನ್ನೊಂದು ಪ್ರಯೋಗದ, ತಾನಾಗಿ ತುಂಬಿಕೊಳ್ಳುವ ರೈಫಲ್ಲನ್ನು ಪರೀಕ್ಷಿಸುವಾಗ ಒಂದು ಕಣ್ಣು ಕಳೆದುಕೊಂಡರು.

ಮೌಸರ್ ಬೋಲ್ಟಿನ ಗಟ್ಟಿತನಕ್ಕೆ ಭಾರತದ ಕಾಡಿನಲ್ಲಿ ಓಡಾಡಿದ ಸಾಕ್ಷಿಯೊಂದಿದೆ. ಚಂಪಾವತದ ನರಭಕ್ಷಕ ಹೆಣ್ಣುಹುಲಿಯನ್ನು ಕೊಂದದ್ದಕ್ಕೆ 1907ರಲ್ಲಿ ಜಿಮ್ ಕಾರ್ಬೆಟ್‌ಗೆ ಉಡುಗೊರೆಯಾಗಿ ಸಿಕ್ಕ .275 ರಿಗ್ಬಿ ರೈಫಲ್ಲಿನ ಒಳಗಿರುವುದು ಮೌಸರ್ ಯಂತ್ರವೇ. ಕಾರ್ಬೆಟ್ ಅದನ್ನು ದಶಕಗಳ ಕಾಲ ಹೊತ್ತು ತಿರುಗಿದರು. ಆಮೇಲೆ ಅವರ ಪುಸ್ತಕಗಳ ಪ್ರಕಾಶಕರ ಕೈ ಸೇರಿ, ಈಗ ಅದು ಲಂಡನ್ನಿನ ರಿಗ್ಬಿ ಕಂಪನಿಗೇ ಮರಳಿದೆ.

ಬೇಟೆಯ ರೈಫಲ್ ಜೀವಮಾನವಿಡೀ ಹಾರಿಸುವ ಈಡು ಕೆಲವು ನೂರು, ಹೆಚ್ಚೆಂದರೆ ಕೆಲವು ಸಾವಿರ. ಗುರಿ ಸ್ಪರ್ಧೆಯ ರೈಫಲ್ ಹತ್ತಾರು ಸಾವಿರ ಹಾರಿಸಬಹುದು. ಅಲ್ಲಿ ಕೂಡ ಮೊದಲು ಸೋಲುವುದು ನಳಿಗೆ. .308 ನಳಿಗೆಯ ಗಂಟಲು ಐದಾರು ಸಾವಿರ ಗುಂಡಿಗೆ ಬಿಸಿಗಾಳಿಯ ಉರಿಗೆ ಬಿರಿದು ಗುರಿ ಕೆಡುತ್ತದೆ. ಹೆಚ್ಚು ಮದ್ದಿನ ಮ್ಯಾಗ್ನಂ ನಳಿಗೆ ಸಾವಿರದೈನೂರಕ್ಕೇ ಮುಗಿಯಬಹುದು. ಆಟಗಾರರು ನಳಿಗೆ ಬಿಚ್ಚಿ ಹೊಸದು ಹಾಕಿಸಿಕೊಂಡು ಅದೇ ಬೋಲ್ಟಿನಲ್ಲಿ ಮುಂದುವರಿಯುತ್ತಾರೆ. ನಡುನಡುವೆ ಬದಲಿಸಬೇಕಾದವು ಚಿಲ್ಲರೆ ಸಾಮಾನು: ಸೂಜಿ, ಸ್ಪ್ರಿಂಗು, ಚಿಪ್ಪು ಎಳೆಯುವ ಕೊಕ್ಕೆ.

ಬೀಗ ತೆಗೆಯುವ ಹೊತ್ತು

ಕೈಚಾಲಿತ ರೈಫಲ್ಲಿನಲ್ಲಿ ಗುಂಡು ಹೋಗಿ, ಒತ್ತಡ ಪೂರ್ತಿ ಇಳಿದು, ಮನುಷ್ಯ ಕೈಯೆತ್ತಿದ ಮೇಲೆಯೇ ಬೋಲ್ಟ್ ತಿರುಗುವುದು. ಲಗ್ಗುಗಳು ಭಾರವಿಲ್ಲದೆ ಸಲೀಸಾಗಿ ಜಾರುತ್ತವೆ. ಸ್ವಯಂಚಾಲಿತ ರೈಫಲ್ಲಿನಲ್ಲಿ ಆ ಕೈಯ ಕೆಲಸ ಗಾಳಿಯದು. ನಳಿಗೆಯಲ್ಲಿ ಕೊರೆದ ತೂತಿನಿಂದ ಒಂದಿಷ್ಟು ಬಿಸಿಗಾಳಿ ಹಿಂದಕ್ಕೆ ಬಂದು ಬೋಲ್ಟನ್ನು ತಿರುಗಿಸುತ್ತದೆ. ಮನುಷ್ಯನಿಗೆ ಇರುವ ತಾಳ್ಮೆ ಗಾಳಿಗಿಲ್ಲ.

ಯೂಜಿನ್ ಸ್ಟೋನರ್ ವಿನ್ಯಾಸದ ಎಂ16 ರೈಫಲ್ಲಿಗೆ 20 ಇಂಚಿನ ನಳಿಗೆ. ಅದನ್ನು ಮೊಟಕುಗೊಳಿಸಿದ ಎಂ4ಗೆ 14.5 ಇಂಚು. ನಳಿಗೆ ಗಿಡ್ಡವಾದಾಗ ಗಾಳಿಯ ತೂತೂ ಗೂಡಿಗೆ ಹತ್ತಿರ ಬಂತು. ಅಲ್ಲಿ ಗಾಳಿಯ ಬಿರುಸು ಜಾಸ್ತಿ, ಅದು ಬೋಲ್ಟನ್ನು ತಲುಪುವುದೂ ಬೇಗ. ಫಲವಾಗಿ ಗೂಡಿನಲ್ಲಿ ಒತ್ತಡ ಇನ್ನೂ ಸಾಕಷ್ಟು ಉಳಿದಿರುವಾಗಲೇ, ಚಿಪ್ಪು ಇನ್ನೂ ಗೋಡೆ ಕಚ್ಚಿಕೊಂಡಿರುವಾಗಲೇ ಬೀಗ ತೆಗೆಯಲು ಎಳೆದಾಟ ಶುರುವಾಗುತ್ತದೆ. ಒಳಗಿನಿಂದ ಯಾರೋ ಹೆಗಲು ಕೊಟ್ಟು ದೂಡುತ್ತಿರುವ ಬಾಗಿಲಿನ ಅಗುಳಿ ಎಳೆದ ಹಾಗೆ. ನಿಮಿಷಕ್ಕೆ 700ರಿಂದ 970 ಗುಂಡಿನ ವೇಗದಲ್ಲಿ ಇದು ನಡೆಯುತ್ತದೆ.

ಈ ಬೋಲ್ಟನ್ನು ಅಂಗೈ ಮೇಲಿಟ್ಟು ನೋಡಿದರೆ ಅದು ಮುರಿಯುವ ಜಾಗ ಗುರುತಿಸಲು ಪಂಡಿತರೇ ಬೇಕಿಲ್ಲ. ತಲೆಯ ಸುತ್ತ ಹೂವಿನ ಎಸಳಿನಂತೆ ಏಳು ಪುಟ್ಟ ಲಗ್ಗುಗಳು. ಎಂಟನೆಯದಿರಬೇಕಾದ ಜಾಗದಲ್ಲಿ ಕೊಕ್ಕೆಗಾಗಿ ಕಡಿದ ಕಿಂಡಿ. ಕಿಂಡಿಯ ಅಕ್ಕಪಕ್ಕದ ಎರಡು ಲಗ್ಗುಗಳಿಗೆ ಬುಡದಲ್ಲಿ ಆಸರೆ ಕಡಿಮೆ; ಬಿರುಕು ಏಳುವುದು ಹೆಚ್ಚಾಗಿ ಅಲ್ಲಿ. ಇನ್ನೊಂದು ಜಾಗ ಮೈಯ ನಡುವಿನದು. ಬೋಲ್ಟನ್ನು ತಿರುಗಿಸುವ ಪಿನ್ನು ಹಾಯಲು ಅಲ್ಲೊಂದು ಅಡ್ಡ ತೂತು ಕೊರೆದಿದ್ದಾರೆ, ಅದರ ಎರಡು ಬದಿಗೆ ಉಳಿದಿರುವುದು ತೆಳು ಗೋಡೆ. ಅಲ್ಲಿ ಬಿರುಕು ಬಿಟ್ಟರೆ ಬೋಲ್ಟ್ ಎರಡು ಹೋಳು. ಹೀಗಾದಾಗ ಮುಖ ಸುಡುವಂಥ ಸ್ಫೋಟ ಆಗುವುದು ಅಪರೂಪ. ಆದರೆ ರೈಫಲ್ ಅಲ್ಲೇ ನಿಂತುಬಿಡುತ್ತದೆ. ಯುದ್ಧಭೂಮಿಯಲ್ಲಿ ಅದೂ ಸಣ್ಣ ಮಾತಲ್ಲ.

ಏಳು ಲಗ್ಗುಗಳೂ ಭಾರವನ್ನು ಸಮನಾಗಿ ಹಂಚಿಕೊಂಡರೆ ತೊಂದರೆ ಕಡಿಮೆ. ಕೂದಲೆಳೆ ಹೆಚ್ಚು ಕಡಿಮೆಯಾದರೆ ಒಂದೆರಡು ಲಗ್ಗುಗಳೇ ಇಡೀ ಹೊರೆ ಹೊರುತ್ತವೆ. ಅದಕ್ಕೇ ಹಳೆಯ ಬೋಲ್ಟನ್ನು ಹೊಸ ನಳಿಗೆಗೆ, ಹೊಸ ಬೋಲ್ಟನ್ನು ಹಳೆಯ ನಳಿಗೆಗೆ ಹಾಕಲು ಬಲ್ಲವರು ಹಿಂದೆಮುಂದೆ ನೋಡುತ್ತಾರೆ.

ಮೋಡದ ದಿನ, ಬಿಸಿಲಿನ ದಿನ

ಮಲೆನಾಡಿನ ಕುಲುಮೆಯಲ್ಲಿ ಕತ್ತಿ ಮಾಡಿಸಿದವರಿಗೆ ಹದ ಎಂಬ ಮಾತು ಗೊತ್ತು. ಹದ ಏರಿದರೆ ಕತ್ತಿಯ ಬಾಯಿ ಚಕ್ಕೆ ಏಳುತ್ತದೆ, ಇಳಿದರೆ ಬಾಯಿ ಮಡಿಚುತ್ತದೆ. ಬೋಲ್ಟಿಗೂ ಅದೇ ಮಾತು. ಹೊರಚರ್ಮ ಸವೆಯದಷ್ಟು ಗಡಸು, ಒಳಗಿನ ತಿರುಳು ಹೊಡೆತ ನುಂಗುವಷ್ಟು ಮೆತು.

ಈ ಹದ ತಪ್ಪಿದ ದೊಡ್ಡ ಉದಾಹರಣೆ ಅಮೆರಿಕದ 1903ರ ಸ್ಪ್ರಿಂಗ್‌ಫೀಲ್ಡ್ ರೈಫಲ್. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಕೆಲವು ರೈಫಲ್ಲುಗಳ ಒಡಲು, ಅಂದರೆ ಬೋಲ್ಟ್ ಕೂರುವ ಮನೆ, ಗಾಜಿನಂತೆ ಚೂರಾಯಿತು. ತನಿಖೆಯ ವಿವರಗಳನ್ನು ಸೇನಾಧಿಕಾರಿ ಜೂಲಿಯನ್ ಹ್ಯಾಚರ್ ಬರೆದಿಟ್ಟಿದ್ದಾರೆ. ಕಾರ್ಖಾನೆಯ ಅನುಭವಿ ಕಮ್ಮಾರರು ಕಾದ ಉಕ್ಕಿನ ಬಣ್ಣ ನೋಡಿ ಶಾಖ ಅಂದಾಜು ಮಾಡುತ್ತಿದ್ದರು. ಮೋಡ ಕವಿದ ದಿನ ಕಂಡ ಕೆಂಪೇ ಬೇರೆ, ಬಿಸಿಲು ಬಿದ್ದ ದಿನ ಕಂಡ ಕೆಂಪೇ ಬೇರೆ. ಬಿಸಿಲಿನಲ್ಲಿ ಅದೇ ಬಣ್ಣ ಕಾಣಬೇಕಾದರೆ ಉಕ್ಕು ಇನ್ನೂ ಹೆಚ್ಚು ಕಾಯಬೇಕು. ಶಾಖಮಾಪಕ ಇಟ್ಟು ನೋಡಿದಾಗ ವ್ಯತ್ಯಾಸ 300 ಡಿಗ್ರಿ ಫ್ಯಾರನ್‌ಹೀಟ್‌ವರೆಗೂ ಇತ್ತು. ಬಿಸಿಲಿನ ದಿನ ಬಡಿದ ಉಕ್ಕು ಸುಟ್ಟು ಪೆಡಸಾಗಿತ್ತು.

ಆಮೇಲೆ ಶಾಖಮಾಪಕ ಬಂತು, ಎರಡು ಸಲ ಹದ ಕೊಡುವ ಕ್ರಮ ಬಂತು. ಅಷ್ಟರಲ್ಲಿ ಹಳೆಯ ಕ್ರಮದಲ್ಲಿ ತಯಾರಾದವು ಹತ್ತು ಲಕ್ಷದ ಹತ್ತಿರ. ಹ್ಯಾಚರ್ ಪಟ್ಟಿ ಮಾಡಿದ, 1917ರಿಂದ 1929ರ ನಡುವೆ ಒಡೆದವುಗಳ ಸಂಖ್ಯೆ 68. ಲೆಕ್ಕಕ್ಕೆ ಅಲ್ಪವೇ. ಆದರೂ ಸ್ಪ್ರಿಂಗ್‌ಫೀಲ್ಡಿನಲ್ಲಿ ತಯಾರಾದ, 8,00,000ಕ್ಕಿಂತ ಕೆಳಗಿನ ನಂಬರಿನ ರೈಫಲ್ಲನ್ನು ಹಾರಿಸಲು ಸಂಗ್ರಾಹಕರು ಇಂದಿಗೂ ಹಿಂಜರಿಯುತ್ತಾರೆ.

ಗುಂಡು ಹಾರಿಸುವಾಗಲ್ಲ, ಬೋಲ್ಟ್ ಎಳೆಯುವಾಗಲೇ ಹಾಳಾದದ್ದು ಕೆನಡಾದ ರಾಸ್ ರೈಫಲ್. ಹಿಡಿಯೆತ್ತುವ ಗೊಡವೆಯಿಲ್ಲದೆ ನೇರ ಹಿಂದಕ್ಕೆಳೆದರೆ ಸಾಕು ಎಂಬುದು ಅದರ ಹೆಚ್ಚುಗಾರಿಕೆ. ಪ್ರತಿ ಸಲ ಎಳೆದಾಗ ಒಂದು ಲಗ್ಗಿನ ಹಿಂಬದಿ ಕಿರಿದಾದ ತಡೆಗೂಟಕ್ಕೆ ಬಡಿಯುತ್ತಿತ್ತು. ಬಡಿದು ಬಡಿದು ಲಗ್ಗಿನ ಅಂಚು ಜಜ್ಜಿಹೋಗಿ, ಪಡಿಯೊಳಗೆ ಹೋಗಲು ತಕರಾರು ಶುರುವಾಗುತ್ತಿತ್ತು. 1915ರ ಏಪ್ರಿಲ್‌ನಲ್ಲಿ ಬೆಲ್ಜಿಯಮ್ಮಿನ ಈಪ್ರ್ ಬಳಿ, ಜರ್ಮನರು ವಿಷಾನಿಲ ಬಿಟ್ಟ ಕಾಳಗದಲ್ಲಿ, ಕೆಸರು ಮೆತ್ತಿದ ರಾಸ್ ಬೋಲ್ಟುಗಳನ್ನು ಕೆನಡಾದ ಸೈನಿಕರು ಬೂಟುಗಾಲಿನಿಂದ ಒದ್ದು ತೆರೆಯಬೇಕಾಯಿತು. ಎಷ್ಟೋ ಮಂದಿ ಅದನ್ನು ಬಿಸಾಡಿ, ಬಿದ್ದಿದ್ದ ಬ್ರಿಟಿಷ್ ಸೈನಿಕರ ಲೀ-ಎನ್‌ಫೀಲ್ಡ್ ಎತ್ತಿಕೊಂಡರು. ಮರುವರ್ಷ ರಾಸ್ ಪದಾತಿದಳದ ಕೈಬಿಟ್ಟಿತು.

ತೆಂಗಿನಕಾಯಿಗೆ ಈಡು

ಬೋಲ್ಟಿಗೆ ಅತಿ ಸುಖದ ಬದುಕು .22 ರೈಫಲ್ಲಿನದು. ಕೊಡಗಿನಲ್ಲಿ ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಯನ್ನು ‘ತೋಕ್ ಪೂ’ ಹೂವಿನಿಂದ ಸಿಂಗರಿಸಿ ಪೂಜಿಸಿದ ಮೇಲೆ ಊರೂರಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತದೆ. ಅಲ್ಲಿ .22 ರೈಫಲ್ಲಿಗೆ ಬೇರೆಯೇ ವಿಭಾಗವಿರುತ್ತದೆ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಕೊಲ್ಹಾಪುರದ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದ 50 ಮೀಟರ್ ಸ್ಪರ್ಧೆಯೂ .22ರದ್ದೇ. ಆ ಪುಟ್ಟ ತೋಟೆಯ ಒತ್ತಡ 24,000 ಪಿಎಸ್‌ಐ ಆಸುಪಾಸು, ತಳವೂ ಚಿಕ್ಕದು. ಬೋಲ್ಟಿನ ಮೇಲೆ ಬೀಳುವ ಹೊರೆ ಕ್ವಿಂಟಲ್ ಲೆಕ್ಕದ್ದು, ಟನ್ ಲೆಕ್ಕದ್ದಲ್ಲ. ಇಂಥ ಬೋಲ್ಟ್ ಲಕ್ಷ ಈಡು ಕಂಡರೂ ಮುಕ್ಕಾಗುವುದಿಲ್ಲ. ಇಲ್ಲಿ ಶತ್ರು ಬೇರೆ: ತೋಟೆಯಿಲ್ಲದೆ ಖಾಲಿ ಕುದುರೆ ಎಳೆಯುವ ಚಟ. .22ರ ಸೂಜಿ ತೋಟೆಯ ಅಂಚಿಗೆ ಬಡಿಯುವಂಥದ್ದು. ತೋಟೆ ಇಲ್ಲದಿದ್ದರೆ ಕೆಲವು ರೈಫಲ್ಲುಗಳಲ್ಲಿ ಅದು ಗೂಡಿನ ಬಾಯಿಗೇ ಬಡಿದು ತನ್ನ ಮೊನೆಯನ್ನೂ ಗೂಡಿನ ಅಂಚನ್ನೂ ಕೆಡಿಸುತ್ತದೆ.

ಬಿರುಕು ಹುಡುಕುವ ಪುಡಿ

ದಣಿವಿನ ಬಿರುಕು ಮೊದಮೊದಲು ಕಣ್ಣಿಗೆ ಬೀಳುವುದಿಲ್ಲ. ಅದಕ್ಕೊಂದು ಹಳೆಯ ಉಪಾಯವಿದೆ. ಬೋಲ್ಟನ್ನು ಅಯಸ್ಕಾಂತವಾಗಿಸಿ, ಮೇಲೆ ಸಣ್ಣ ಕಬ್ಬಿಣದ ಪುಡಿ ಬೆರೆತ ದ್ರವ ಸುರಿಯುತ್ತಾರೆ. ಬಿರುಕಿನ ಎರಡು ದಡಗಳು ಎರಡು ಧ್ರುವಗಳಂತಾಗಿ ಪುಡಿಯನ್ನು ಸೆಳೆದುಕೊಳ್ಳುತ್ತವೆ. ಕಾಣದ ಬಿರುಕು ಗೆರೆಯಾಗಿ ಮೂಡುತ್ತದೆ. ಎಂ16 ಬೋಲ್ಟುಗಳನ್ನು ಮಾಮೂಲಿಗಿಂತ ಹೆಚ್ಚು ಒತ್ತಡದ ತೋಟೆ ಹಾರಿಸಿ, ಆಮೇಲೆ ಈ ಪುಡಿಯ ಪರೀಕ್ಷೆಗೆ ಒಡ್ಡಿ, ಗೆದ್ದವುಗಳ ಮೇಲೆ ‘ಎಂಪಿ’ ಎಂಬ ಗುರುತು ಕೊರೆಯುತ್ತಾರೆ. ಸಣ್ಣ ಉಕ್ಕಿನ ಮಣಿಗಳನ್ನು ರಭಸದಿಂದ ಬಡಿಸಿ ಮೇಲ್ಮೈಯನ್ನು ಬಿಗಿಗೊಳಿಸುವುದೂ ಉಂಟು. ಬಿಗಿದ ಚರ್ಮದಲ್ಲಿ ಬಿರುಕು ಬಾಯಿಬಿಡುವುದು ಕಷ್ಟ.

ಲೀ-ಎನ್‌ಫೀಲ್ಡ್ ಮಾಡಿದವರು ಇದನ್ನೆಲ್ಲ ಬೇರೆ ಬಗೆಯಲ್ಲಿ ಯೋಚಿಸಿದ್ದರು. ಅದರ ಬೋಲ್ಟಿನ ತಲೆ ಮೈಗೆ ತಿರುಪಿನಿಂದ ಕೂರುವ ಬೇರೆಯೇ ತುಂಡು. ಎರಡನೆಯ ಮಹಾಯುದ್ಧದ ನಂ. 4 ಮಾದರಿಗೆ ಈ ತಲೆಗಳು 0, 1, 2, 3 ಎಂಬ ನಂಬರಿನಲ್ಲಿ, ಒಂದಕ್ಕಿಂತ ಒಂದು ಕೂದಲೆಳೆ ಉದ್ದವಾಗಿ ಬರುತ್ತಿದ್ದವು. ಸವೆತದಿಂದ ಸಡಿಲ ಹೆಚ್ಚಿದರೆ ಆರ್ಮರರ್ ಹಳೆಯ ತಲೆ ಬಿಚ್ಚಿ ಮುಂದಿನ ನಂಬರಿನದನ್ನು ಕೂರಿಸುತ್ತಿದ್ದ. ಬೋಲ್ಟಿನ ಮೈಯನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಅದರ ಲಗ್ಗುಗಳು ಆ ಒಂದು ರೈಫಲ್ಲಿನ ಪಡಿಗಳಿಗೇ ಹೊಂದಿಕೊಂಡವು. ಅದಕ್ಕೇ ಹಿಡಿಯ ಬುಡದಲ್ಲಿ ರೈಫಲ್ಲಿನದೇ ನಂಬರು ಕೊರೆದಿರುತ್ತದೆ. ಹಳೆಯ .303 ಕೈಗೆ ಬಂದಾಗ ತಿಳಿದವರು ಮೊದಲು ಓದುವುದು ಆ ಎರಡು ನಂಬರುಗಳನ್ನು. ಆಮೇಲೆ ಬೋಲ್ಟನ್ನು ಹೊರಗೆಳೆದು, ಅದರ ತಲೆಯ ಮೇಲಿನ ಅಂಕಿ ನೋಡುತ್ತಾರೆ. ಅದು 0 ಇದ್ದರೆ ಇನ್ನೂ ಮೂರು ತಲೆ ಬಾಕಿ. 3 ಇದ್ದು, ಅದರ ಮೇಲೂ ಗೇಜು ಸಡಿಲ ತೋರಿಸಿದರೆ ರೈಫಲ್ ಗುಜರಿಗೆ.